ಸೂಜಿ ಮಾಸ್ತರರ ಅಭಿಪ್ರಾಯಗಳು

ನನ್ನ ಸೋದರಮಾವ ಅಭಿಪ್ರಾಯ ಹೇಳದೆ ಬಿಟ್ಟ ಪುಸ್ತಕವೇ ಇರಲಿಲ್ಲ. ಊರಿನ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಹರಿದ ಪುಸ್ತಕಗಳನ್ನು ಹೊಲಿದು ರಟ್ಟು ಕಟ್ಟಿದವನು ಅವನು. ಜನ ಅವನನ್ನು ಸೂಜಿ ಮಾಸ್ತರು ಅನ್ನುತ್ತಿದ್ದರು. ಯಾವ ಶಾಲೆಯಲ್ಲೂ ಮಾಸ್ತರಿಕೆ ಮಾಡಿದವನಲ್ಲ. ಎದುರಿಗೆ ಸಿಕ್ಕವರಿಗೆಲ್ಲ ಪಾಠ ಹೇಳುವ ಚಟ ಇತ್ತು, ಅಷ್ಟೇ. ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಅಮ್ಮನ ಈ ತಮ್ಮ ಮದುವೆಯ ಗೊಡವೆಗೇ ಹೋಗದವನು, ನನ್ನನ್ನು ಕರೆತಂದು ಗ್ರಂಥಾಲಯದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಸಾಕಿದ. ದೊಡ್ಡವಳಾದ ಮೇಲೆ ಅದೇ ಗ್ರಂಥಾಲಯದ ಕೌಂಟರಿನಲ್ಲಿ ನನಗೂ ಕೆಲಸ ಸಿಕ್ಕಿತು. ಹಾಗಾಗಿ ಅವನ ಅಭಿಪ್ರಾಯಗಳನ್ನು ಮನೆಯಲ್ಲೂ ಕೇಳಬೇಕು, ಕೆಲಸದಲ್ಲೂ ಕೇಳಬೇಕು. ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದ ದಿನಗಳೂ ಇವೆ.

ಈಗ ಅವನ ಬಗ್ಗೆ ಬರೆಯಲು ಕೂತಿದ್ದೇನೆ. ಕೋಪದಲ್ಲಿ ಬರೆಯುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅರ್ಧ ಕೋಪ ಅವನ ಮೇಲೆ, ಉಳಿದದ್ದು ನನ್ನ ಮೇಲೆ.

ಓದದೆ ಹೊಲಿಯುವುದು ಅವನ ಜಾಯಮಾನಕ್ಕೆ ಒಗ್ಗುತ್ತಿರಲಿಲ್ಲ. ಹರಿದ ಪುಸ್ತಕ ಬಂದರೆ ಮೊದಲು ಹಾಳೆ ಬಿಡಿಸಿ, ಬೆನ್ನಿನ ಹಳೆಯ ಗೋಂದು ಕೆರೆದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಿದ್ದ. ಆಮೇಲೆ ಎಷ್ಟು ಹೊಲಿಗೆ ಹಾಕಬೇಕೆಂದು ತೀರ್ಮಾನ. ಮೆಚ್ಚಿದ ಪುಸ್ತಕಕ್ಕೆ ಮೇಣ ತೀಡಿದ ದಾರದಲ್ಲಿ ಎಂಟು ಹೊಲಿಗೆ, ಬೆನ್ನಿಗೆ ಬಟ್ಟೆ. ಪರವಾಗಿಲ್ಲ ಅನ್ನಿಸಿದ್ದಕ್ಕೆ ನಾಲ್ಕು. ಮೈ ಉರಿಸಿದ ಪುಸ್ತಕಕ್ಕೆ ಬರೀ ಗೋಂದು.

"ಇದಕ್ಕೆ ಗೋಂದು ಸಾಕು," ಅನ್ನುತ್ತಿದ್ದ. "ಎರಡು ವರ್ಷದಲ್ಲಿ ತಾನೇ ಉದುರಿ ಹೋಗುತ್ತೆ. ನಮ್ಮ ಕೈಗೆ ಪಾಪ ಬೇಡ."

ಅಡುಗೆ ಪುಸ್ತಕವೊಂದನ್ನು ಬಿಡಿಸಿಟ್ಟುಕೊಂಡು ಒಂದಿಡೀ ಮಧ್ಯಾಹ್ನ ಬೈದಿದ್ದ. "ಇದನ್ನ ಬರೆದೋಳು ಜೀವಮಾನದಲ್ಲಿ ಒಂದಿನ ಹಸಿದಿಲ್ಲ. ಹಸಿದವರು 'ಕೊನೆಯಲ್ಲಿ ಅಂದವಾಗಿ ಅಲಂಕರಿಸಿ' ಅಂತ ಬರೀತಾರಾ?" ಜೀವನದಲ್ಲಿ ಗೆಲ್ಲುವುದು ಹೇಗೆಂದು ಹೇಳಿಕೊಡುವ ಪುಸ್ತಕದ ಬಗ್ಗೆ: "ಬೇಗ ಏಳು ಅನ್ನೋ ಒಂದು ಮಾತಿಗೆ ಇನ್ನೂರು ಪುಟ. ಇವನು ಸ್ವಲ್ಪ ತಡವಾಗಿ ಏಳೋನಾಗಿದ್ರೆ ಈ ಪುಸ್ತಕಾನೇ ಇರ್ತಿರಲಿಲ್ಲ." ಪ್ರೇಮಕವನಗಳ ಸಂಕಲನದ ಬಗ್ಗೆ: "ಇಪ್ಪತ್ತನೇ ಪದ್ಯದ ಹೊತ್ತಿಗೆ ಆ ಹುಡುಗಿ ಎದ್ದು ಮನೆಗೆ ಹೋಗಿದ್ದಾಳೆ. ಇವನಿಗೆ ಇನ್ನೂ ಗೊತ್ತಾಗಿಲ್ಲ, ಪಾಪ." ನಿವೃತ್ತ ದೊಡ್ಡ ಅಧಿಕಾರಿಯೊಬ್ಬರ ಆತ್ಮಕಥೆಯನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, "ಮೂವತ್ತೈದು ವರ್ಷ ಕೆಲಸ ಮಾಡಿ ಒಂದು ತಪ್ಪೂ ಮಾಡಿಲ್ವಂತೆ. ಹಾಗಿದ್ರೆ ಬರೆಯೋಕೆ ಏನಿತ್ತು ಮಹಾರಾಯರಿಗೆ?" ಎಂದಿದ್ದ. ಪತ್ತೇದಾರಿ ಕಾದಂಬರಿಗಳೆಂದರೆ ಮಾತ್ರ ಒಳಗೊಳಗೇ ಪ್ರೀತಿ. "ಕೊಲೆಗಾರ ಯಾರು ಅಂತ ಐದನೇ ಪುಟಕ್ಕೇ ಗೊತ್ತಾಯ್ತು ಕಣೇ. ಆದ್ರೂ ಕೆಳಗಿಡೋಕಾಗಲಿಲ್ಲ. ಅದು ಕಸುಬು ಅಂದ್ರೆ."

ಅವನು ಎಲ್ಲಕ್ಕಿಂತ ಮೆಚ್ಚಿದ್ದು ಜೇನು ಸಾಕುವವರಿಗೆಂದು ಬರೆದ ಒಂದು ಕೈಪಿಡಿಯನ್ನು. ಅವನಿಗೆ ಜೇನೆಂದರೆ ಭಯ. ಒಂದು ನೊಣ ಕಿಟಕಿಯಲ್ಲಿ ಕಂಡರೂ ಎದ್ದು ಹೋಗುತ್ತಿದ್ದ. ಆದರೂ ಆ ಪುಸ್ತಕವನ್ನು ಮೂರು ಸಲ ಹೊಲಿದಿದ್ದಾನೆ, ಮೂರು ಸಲವೂ ಪೂರ್ತಿ ಓದಿದ್ದಾನೆ. "ಗೊತ್ತಿಲ್ಲದ ಕಡೆ 'ನನಗೆ ಗೊತ್ತಿಲ್ಲ' ಅಂತ ಬರೆದಿದ್ದಾನೆ ಈ ಪುಣ್ಯಾತ್ಮ. ಇಡೀ ಗ್ರಂಥಾಲಯದಲ್ಲಿ ಇನ್ನೊಂದು ಪುಸ್ತಕದಲ್ಲಿ ಆ ಮಾತು ತೋರಿಸು ನೋಡೋಣ."

ನಾನು ಎದುರು ಮಾತಾಡಿದರೆ ಮುಗಿಯಿತು. ನನಗೆ ಹಿಡಿಸಿದ ಕಾದಂಬರಿ ಅವನಿಗೆ ಹಿಡಿಸದಿದ್ದರೆ ಊಟದ ತಟ್ಟೆ ಎತ್ತುವವರೆಗೂ ಬೈಗುಳ. ನನ್ನ ಬುದ್ಧಿಗೆ, ನನ್ನ ವಯಸ್ಸಿಗೆ, ನನಗೆ ಅಕ್ಷರ ಕಲಿಸಿದವರಿಗೆ, ಅಂದರೆ ತನಗೇ, ಎಲ್ಲರಿಗೂ ಪಾಲು ಸಿಗುತ್ತಿತ್ತು. ಮೂವತ್ತು ವರ್ಷದಲ್ಲಿ ಒಂದು ಸಲವೂ ನೀನು ಹೇಳಿದ್ದು ಸರಿ ಅಂದವನಲ್ಲ.

ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಅವನಿಗೆ ಇನ್ನೊಂದು ವಿದ್ಯೆಯಿತ್ತು. ಪುಸ್ತಕದ ಮೈ ನೋಡಿ ಅದನ್ನು ಓದಿದವರು ಯಾರೆಂದು ಹೇಳಿಬಿಡುತ್ತಿದ್ದ. ಪುಟದ ಮೂಲೆ ಮಡಿಸುವವರು, ಬೆರಳಿಗೆ ಎಂಜಲು ಹಚ್ಚಿ ತಿರುವುವವರು, ಪುಸ್ತಕವನ್ನು ಹಿಂದಕ್ಕೆ ಮುರಿದು ಹಿಡಿಯುವವರು, ಒಬ್ಬೊಬ್ಬರ ಗುರುತೂ ಅವನಿಗೆ ಬಾಯಿಪಾಠ. ಯಾವ ಪುಟದಲ್ಲಿ ಪುಸ್ತಕ ತಾನಾಗಿ ತೆರೆದುಕೊಳ್ಳುತ್ತದೆ ಎಂಬುದರಿಂದ ಓದಿದವರು ಎಲ್ಲಿ ನಿಂತು ಯೋಚಿಸಿದರು ಎಂದು ಹೇಳುತ್ತಿದ್ದ. ಅದು ನಿಜವೂ ಆಗಿರುತ್ತಿತ್ತು. ಹಾಗೆ ಗುರುತು ಹಿಡಿದಾಗ ಅವನ ಮುಖ ನೋಡಬೇಕು, ಗದ್ದ ಮೇಲೇರಿ ಹುಬ್ಬು ಕುಣಿಯುತ್ತಿತ್ತು.

ನನ್ನ ಗುರುತೂ ಅವನಿಗೆ ಗೊತ್ತಿತ್ತು. ಕೌಂಟರಿನ ನೌಕರರು ಪುಸ್ತಕದಲ್ಲಿ ಏನೂ ಬರೆಯುವಂತಿಲ್ಲ. ಆದರೆ ಒಳ್ಳೆಯ ಸಾಲು ಕಂಡಾಗ ನನ್ನ ಬಲಗೈ ಹೆಬ್ಬೆರಳು ಸುಮ್ಮನಿರುವುದಿಲ್ಲ; ಸಾಲಿನ ಪಕ್ಕದಲ್ಲಿ ಉಗುರಿನಿಂದ ಒಂದು ಗೀರು ಎಳೆದುಬಿಡುತ್ತದೆ. ನೇರವಾಗಿ ನೋಡಿದರೆ ಕಾಣದು. ಹಾಳೆಯನ್ನು ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಮಾವ ಅದನ್ನು ನನ್ನ ಹನ್ನೆರಡನೇ ವಯಸ್ಸಿನಲ್ಲೇ ಕಂಡುಹಿಡಿದಿದ್ದ.

ಹೋದ ವರ್ಷ ಸರ್ಕಾರದಿಂದ ಒಂದು ಸುತ್ತೋಲೆ ಬಂತು. ಇಪ್ಪತ್ತೆಂಟು ಪುಸ್ತಕಗಳ ಪಟ್ಟಿ. ಅವುಗಳನ್ನು ಯಾರಿಗೂ ಮನೆಗೆ ಕೊಡಕೂಡದು, ಬೇಕಾದವರು ಅಲ್ಲೇ ಕೂತು ಓದಬಹುದು ಎಂದು ಬರೆದಿತ್ತು. ಕಾರಣ ಬರೆದಿರಲಿಲ್ಲ. ನಾವು ಪಟ್ಟಿಯನ್ನು ಗೋಡೆಗೆ ಅಂಟಿಸಿದೆವು. ಹಾಗೆ ಅಂಟಿಸಿದ್ದೇ ತಡ, ಯಾವತ್ತೂ ಯಾರೂ ಮುಟ್ಟದಿದ್ದ ಆ ಪುಸ್ತಕಗಳಿಗೆ ಓದುಗರು ಹುಟ್ಟಿಕೊಂಡರು. ಕಿಟಕಿ ಪಕ್ಕದ ಬೆಂಚು ಮಧ್ಯಾಹ್ನವೆಲ್ಲ ತುಂಬಿರುತ್ತಿತ್ತು. ನಾನೂ ಊಟದ ಬಿಡುವಿನಲ್ಲಿ ಒಂದೊಂದಾಗಿ ಓದಿದೆ.

ನಾಲ್ಕು ತಿಂಗಳ ನಂತರ ಪರಿಶೀಲನಾ ಕಚೇರಿಯಿಂದ ಒಬ್ಬ ಅಧಿಕಾರಿ ಬಂದರು. ಸಣ್ಣ ಆಳು, ಮೆಲು ಮಾತು. ಪಟ್ಟಿಯ ಪುಸ್ತಕಗಳನ್ನು ಯಾರು ಯಾರು ಓದಿದ್ದಾರೆ ಎಂದು ಕೇಳಿದರು. ನಾನು ರಿಜಿಸ್ಟರು ಕೊಟ್ಟೆ. ಪುಸ್ತಕ ಮನೆಗೆ ಒಯ್ದವರ ಹೆಸರು ಮಾತ್ರ ಅದರಲ್ಲಿರುತ್ತದೆ, ಒಳಗೆ ಕೂತು ಓದಿದವರ ಲೆಕ್ಕ ಯಾರೂ ಇಡುವುದಿಲ್ಲ ಎಂದು ಹೇಳಿದೆ. ಅವರು ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿ ನನ್ನ ಕೈಗೇ ಕೊಟ್ಟರು.

"ಪರವಾಗಿಲ್ಲ," ಎಂದರು. "ಇಲ್ಲಿ ಪುಸ್ತಕ ಹೊಲಿಯೋರು ಒಬ್ಬರಿದ್ದಾರಂತಲ್ಲ, ತುಂಬ ಓದಿಕೊಂಡೋರಂತೆ. ಅವರ ಹತ್ತಿರ ಸ್ವಲ್ಪ ಹೊತ್ತು ಕೂರಬಹುದಾ?"

ಮಾವನ ಕೋಣೆಗೆ ಹೋಗಿ ಗೋಂದಿನ ಡಬ್ಬದ ಪಕ್ಕ ಸ್ಟೂಲು ಎಳೆದುಕೊಂಡು ಕೂತರು. ನಾನು ಬಾಗಿಲಲ್ಲಿ ನಿಂತೆ. ಅವರು ಕೇಳಿದ ಮೊದಲ ಪ್ರಶ್ನೆ, "ಮಾಸ್ತರೇ, ಈಗ ಕೈಯಲ್ಲಿರೋ ಪುಸ್ತಕ ಹೇಗಿದೆ?" ಎಂಬುದು.

ಮೂವತ್ತೊಂದು ವರ್ಷದಲ್ಲಿ ಮಾವನನ್ನು ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾವೆಲ್ಲ ಅವನು ಹೇಳುವುದನ್ನು ತಡೆಯಲು ನೋಡಿದವರೇ ಹೊರತು ಕೇಳಿದವರಲ್ಲ. ಅವನು ಸೂಜಿ ಕೆಳಗಿಟ್ಟ. ಒಂದೂವರೆ ಗಂಟೆ ಮಾತಾಡಿದ. ಅಧಿಕಾರಿ ನಡುನಡುವೆ "ಹೌದಾ?" ಅನ್ನುತ್ತಿದ್ದರು, "ಇದನ್ನ ನಾನು ಯೋಚನೆ ಮಾಡಿರಲಿಲ್ಲ" ಅನ್ನುತ್ತಿದ್ದರು. ಒಂದಕ್ಷರ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುತ್ತಿಲ್ಲವಲ್ಲ ಎಂದು ನನಗೆ ಸಮಾಧಾನವಾಗಿತ್ತು. ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ.

ಆಮೇಲೆ ಅವರು ವಾರಕ್ಕೆರಡು ಸಲ ಬರತೊಡಗಿದರು. ಮಾವ ಆ ದಿನಗಳಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಳ್ಳುತ್ತಿದ್ದ. ಗಡ್ಡ ಕೆರೆದುಕೊಳ್ಳುತ್ತಿದ್ದ. ಮನೆಯಲ್ಲಿ ನನ್ನ ಕಾದಂಬರಿಗಳನ್ನು ಬೈಯುವುದು ಕೂಡ ಕಡಿಮೆಯಾಗಿತ್ತು. ಒಳ್ಳೊಳ್ಳೆ ಮಾತುಗಳನ್ನೆಲ್ಲ ಅವರಿಗೆಂದು ಕೂಡಿಟ್ಟುಕೊಳ್ಳುತ್ತಿದ್ದ.

"ತಿಳುವಳಿಕೆ ಇರೋ ಮನುಷ್ಯ ಕಣೇ," ಅನ್ನುತ್ತಿದ್ದ. "ಕೇಳೋದು ಹೇಗೆ ಅಂತ ಗೊತ್ತಿದೆ ಅವರಿಗೆ."

"ಅವರ ಅಭಿಪ್ರಾಯ ಏನಾದ್ರೂ ಹೇಳ್ತಾರಾ ಮಾವ?"

"ಅವರದ್ದು ಯಾಕೆ? ನನ್ನದು ಕೇಳೋಕೆ ಬರ್ತಾರೆ."

ಒಂದು ದಿನ ನಾನು ಟೀ ಕೊಡಲು ಹೋದಾಗ ಪಟ್ಟಿಯ ಪುಸ್ತಕಗಳು ಮೇಜಿನ ಮೇಲಿದ್ದವು. ಮಾವ ಅವುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ತನ್ನ ವಿದ್ಯೆ ತೋರಿಸುತ್ತಿದ್ದ. "ಇದು ನೋಡಿ, ನೇರಳೆ ಬಣ್ಣದ ಪೆನ್ಸಿಲು. ಹೆಣ್ಣುಮಕ್ಕಳ ಶಾಲೆಯ ಟೀಚರಮ್ಮ. ತಪ್ಪು ತಿದ್ದೋ ಕೈ ಅದು, ಸುಮ್ಮನಿರಲ್ಲ. ಲೇಖಕನ ವ್ಯಾಕರಣಾನೂ ತಿದ್ದಿದ್ದಾಳೆ ನೋಡಿ! ಇದು ಗಡಿಯಾರ ರಿಪೇರಿಯವನು. ಗಡಿಯಾರಕ್ಕೆ ಹಾಕೋ ತೆಳು ಎಣ್ಣೆ, ಬೆರಳಿನ ಗುರುತು ಪುಟದ ಕೆಳಗೇ ಇರುತ್ತೆ, ಯಾಕಂದ್ರೆ ಅವನು ಕೆಳಗಿಂದ ತಿರುವುತ್ತಾನೆ. ನಲವತ್ತೆರಡನೇ ಪುಟ ಎರಡು ಸಲ ಓದಿದ್ದಾನೆ."

ಅಧಿಕಾರಿ ಚಪ್ಪಾಳೆ ತಟ್ಟುವಷ್ಟು ಸಂತೋಷಪಟ್ಟರು. ಮಾವನಿಗೆ ಇನ್ನೂ ಹುರುಪು ಬಂತು. ಒಂದು ಪುಟವನ್ನು ಓರೆ ಹಿಡಿದು, "ಇದು ಕಾಣುತ್ತಾ ನಿಮಗೆ? ಉಗುರು. ಈ ಊರಲ್ಲಿ ಸರಿಯಾಗಿ ಓದೋರು ಅಂದ್ರೆ ಈ ಉಗುರಿನವರು ಒಬ್ಬರೇ. ಗೀರು ಬಿದ್ದಿದೆ ಅಂದ್ರೆ ಆ ಸಾಲು ಒಳ್ಳೇದೇ. ಯಾರು ಅಂತ ಮಾತ್ರ ಹೇಳಲ್ಲ," ಎಂದು ನನ್ನ ಕಡೆ ನೋಡಿ ನಕ್ಕ.

ಜೀವಮಾನವಿಡೀ ನಾನು ಅವನ ಬಾಯಿಂದ ಕೇಳಬೇಕೆಂದು ಹಂಬಲಿಸಿದ ಮಾತು ಅದು. ಅದನ್ನು ಅವನು ಅಲ್ಲಿ, ಆ ಮನುಷ್ಯನ ಎದುರು ಹೇಳಿದ. ನನ್ನ ಎದೆ ಉಬ್ಬಿತು. ಅದೇ ಹೊತ್ತಿಗೆ ಹೆಬ್ಬೆರಳನ್ನು ಲೋಟದ ಹಿಂದಕ್ಕೆ ಸರಿಸಿದೆ. ಅಧಿಕಾರಿ ನನ್ನ ಕೈಯಿಂದ ಟೀ ಲೋಟ ತೆಗೆದುಕೊಂಡು, "ಥ್ಯಾಂಕ್ಸ್ ಅಮ್ಮ," ಎಂದರು. ಲೋಟವನ್ನು ಹಾಗೇ ಪಕ್ಕಕ್ಕಿಟ್ಟರು. ಅವರು ಯಾವತ್ತೂ ನಮ್ಮ ಟೀ ಕುಡಿಯಲಿಲ್ಲ.

ಮುಂದಿನ ಸೋಮವಾರದಿಂದ ಟೀಚರಮ್ಮ ಬರಲಿಲ್ಲ. ಜ್ವರ ಇರಬಹುದು ಅಂದುಕೊಂಡೆವು. ಗುರುವಾರ ಶಾಲೆಯ ಜವಾನ ಬಂದು, ಅವರ ಬಳಿ ಉಳಿದಿದ್ದ ನಿಘಂಟು ವಾಪಸ್ಸು ಕೊಟ್ಟ. "ಎಲ್ಲಿ ಅವರು?" ಎಂದೆ. "ಅವರ ಜಾಗಕ್ಕೆ ಬೇರೆಯವರು ಬಂದಿದಾರೆ," ಎಂದು ಬಾಗಿಲ ಕಡೆ ಹೊರಟೇಬಿಟ್ಟ. ಸಂಜೆ ಅವರ ಮನೆಯ ಮುಂದೆ ಹಾದುಹೋದೆ. ಹೊರಗೆ ಒಣಹಾಕಿದ ಬಟ್ಟೆ ಹಗ್ಗದ ಮೇಲೆ ಹಾಗೇ ಇತ್ತು. ಬಾಗಿಲಿಗೆ ಬೀಗ. ಪಕ್ಕದ ಮನೆಯಾಕೆ ನನ್ನನ್ನು ನೋಡಿ ಕಿಟಕಿ ಹಾಕಿಕೊಂಡಳು.

ಮನೆಗೆ ಬಂದು ಮಾವನ ಮುಖಕ್ಕೆ ಹೊಡೆದಂತೆ ಹೇಳಿದೆ. "ನೀನು ಹೇಳಿದ್ದಕ್ಕೇ ಆಗಿರೋದು."

"ಏನು ಮಾತಂತ ಆಡ್ತೀಯೆ? ಪುಸ್ತಕದ ಬಗ್ಗೆ ಮಾತಾಡಿದ್ರೆ ಟೀಚರಿಗೇನಾಗುತ್ತೆ? ವರ್ಗ ಆಗಿರುತ್ತೆ."

"ಬಟ್ಟೆ ಬಿಟ್ಟು ಯಾರಾದ್ರೂ ವರ್ಗ ಆಗಿ ಹೋಗ್ತಾರಾ?"

"ಪತ್ತೇದಾರಿ ಕಾದಂಬರಿ ಓದಿ ತಲೆ ಕೆಟ್ಟಿದೆ ನಿಂಗೆ," ಎಂದು ಗೋಡೆ ಕಡೆ ತಿರುಗಿ ಮಲಗಿದ.

ಹದಿನೈದು ದಿನ ಕಳೆದು ಗಡಿಯಾರದ ಅಂಗಡಿಗೆ ಬೀಗ ಬಿತ್ತು. ಒಳಗೆ ರಿಪೇರಿಗೆ ಬಂದ ಗಡಿಯಾರಗಳು ಗಂಟೆ ಬಾರಿಸುವುದು ಬೀದಿಗೆ ಕೇಳುತ್ತಿತ್ತು. ಮೂರನೇ ದಿನದ ಹೊತ್ತಿಗೆ ಒಂದೊಂದಾಗಿ ಕೀಲಿ ಮುಗಿದು ನಿಂತವು. ಮಾವ ತನ್ನ ಕೈಗಡಿಯಾರವನ್ನು ಅಲ್ಲಿ ಕೊಟ್ಟಿದ್ದ. ಅದನ್ನು ತರಲೆಂದು ಹೋದವನು ಅಂಗಡಿಯ ಮುಂದೆ ಬಹಳ ಹೊತ್ತು ನಿಂತಿದ್ದನಂತೆ. ಬಂದವನು ಊಟಕ್ಕೆ ಏಳಲಿಲ್ಲ.

"ನಲವತ್ತೆರಡನೇ ಪುಟ ಎರಡು ಸಲ ಓದಿದ್ದಾನೆ ಅಂದೆನಲ್ಲ ನಾನು," ಎಂದ ಕೊನೆಗೆ. "ಅದನ್ನ ಯಾಕೆ ಹೇಳಿದೆ? ಅವರು ಕೇಳಿರಲೂ ಇಲ್ಲ."

ನಾನು ಅವನ ತಟ್ಟೆ ಮುಚ್ಚಿಟ್ಟು ದೀಪ ಆರಿಸಿದೆ.

ಮಾರನೇ ದಿನದಿಂದ ಮಾವ ಪುಸ್ತಕಗಳ ಅಂಚು ಕತ್ತರಿಸತೊಡಗಿದ. ಹೊಸದಾಗಿ ಹೊಲಿದ ಪುಸ್ತಕದ ಅಂಚುಗಳನ್ನು ನೆಟ್ಟಗೆ ಮಾಡಲು ಕಟಿಂಗ್ ಮಷೀನು ಇರುತ್ತದೆ. ದೊಡ್ಡ ಚಾಕುವಿನ ಹಿಡಿ ಎಳೆದರೆ ಮೂರು ಕಡೆಯ ಅಂಚೂ ಹೋಗುತ್ತದೆ. ಪಟ್ಟಿಯ ಇಪ್ಪತ್ತೆಂಟನ್ನು ಮಾತ್ರ ಕತ್ತರಿಸಿದರೆ ಅನುಮಾನ ಬರುತ್ತದೆಂದು ಇಡೀ ಗ್ರಂಥಾಲಯಕ್ಕೇ ಕೈ ಹಾಕಿದ. ಪೆನ್ಸಿಲಿನ ಟಿಪ್ಪಣಿ, ಎಣ್ಣೆಯ ಬೆರಳು, ಮಡಿಸಿದ ಮೂಲೆ, ಎಲ್ಲ ಪಟ್ಟಿಪಟ್ಟಿಯಾಗಿ ಬುಟ್ಟಿಗೆ ಬಿದ್ದವು. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಚಾಕುವಿನ ಸದ್ದು ಓದುವ ಕೋಣೆಗೆ ಕೇಳುತ್ತಿತ್ತು. ಕೇಳಿಸಿಕೊಳ್ಳಲು ಓದುವವರೇ ಇರಲಿಲ್ಲ ಅನ್ನಿ. ಕಿಟಕಿ ಪಕ್ಕದ ಬೆಂಚಿನಲ್ಲಿ ಈಗ ಒಬ್ಬರೂ ಕೂರುತ್ತಿರಲಿಲ್ಲ. ದಾರಿಯಲ್ಲಿ ಸಿಕ್ಕವರು ಮಾವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು.

ಉಗುರಿನ ಗೀರು ಮಾತ್ರ ಅವನ ಚಾಕುವಿಗೆ ಸಿಗಲಿಲ್ಲ. ನಾನು ಅಕ್ಷರಕ್ಕೆ ತೀರ ಹತ್ತಿರ ಎಳೆಯುತ್ತಿದ್ದೆ. ಅದನ್ನು ಕತ್ತರಿಸಿದರೆ ಸಾಲಿನ ತುದಿಯೂ ಹೋಗುತ್ತದೆ. ಅಂಥ ಪುಟಗಳನ್ನು ಒದ್ದೆ ಮಾಡಿ, ಮರದ ಹಲಗೆಗಳ ನಡುವೆ ಬಿಗಿದು ಇಟ್ಟ. ಒಣಗಿದ ಮೇಲೆ ಗೀರು ಮಾಸಿರುತ್ತಿತ್ತು. ಇಪ್ಪತ್ತೇಳು ಪುಸ್ತಕ ಹಾಗೆ ಮುಗಿಸಿದ. ಇಪ್ಪತ್ತೆಂಟನೆಯದು ಕಪಾಟಿನಲ್ಲಿ ಇರಲಿಲ್ಲ. ಎಲ್ಲ ಕಡೆ ಹುಡುಕಿದೆವು. ಅದು ಸೇತುವೆ ಕಟ್ಟುವವರ ಬಗೆಗಿನ ಒಂದು ಕಾದಂಬರಿ. ನಾನು ಎರಡು ಸಲ ಓದಿದ್ದೆ.

ಅದನ್ನು ಅಧಿಕಾರಿಯೇ ತಂದರು, ಒಂದು ಮಧ್ಯಾಹ್ನ, ಕೈಚೀಲದಲ್ಲಿ. ಮೊದಲು ಕಪಾಟುಗಳ ನಡುವೆ ಒಂದು ಸುತ್ತು ಹಾಕಿದರು.

"ನಿಮ್ಮ ಪುಸ್ತಕಗಳೆಲ್ಲ ಮೈ ಇಳಿಸಿಕೊಂಡಿವೆಯಲ್ಲ ಮಾಸ್ತರೇ," ಎಂದು ನಕ್ಕರು. ಮಾವ ನಗಲು ನೋಡಿದ. ಅಧಿಕಾರಿ ಕೌಂಟರಿನ ಮೇಲೆ, ನನ್ನ ಎದುರಿಗೇ ಆ ಪುಸ್ತಕ ಇಟ್ಟು ಒಂದು ಪುಟ ತೆರೆದರು. ಹಾಳೆಯನ್ನು ಬೆಳಕಿಗೆ ಓರೆ ಹಿಡಿದರು. ಹಾಗೆ ಹಿಡಿಯುವುದನ್ನು ಕಲಿಸಿದವನು ಮಾವನೇ.

"ಇದನ್ನ ಓದಿದವರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು."

ನಾನು ಹೆಬ್ಬೆರಳನ್ನು ಮುಷ್ಟಿಯೊಳಗೆ ಸೇರಿಸಿಕೊಂಡೆ. ಮಾವ ಕನ್ನಡಕ ಹಾಕಿಕೊಂಡು ಪುಟ ತಿರುವಿದ. ಒಂದು, ಎರಡು, ಹತ್ತು ಪುಟ. ಅವನ ಕಿವಿಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು.

"ಯಾರೋ ತಿಳಿಗೇಡಿಗಳು," ಎಂದ. "ಇದು ಓದಿದ ಗುರುತಲ್ಲ ಸಾರ್. ಕೂತು ಬೇಜಾರಾಗಿ ಗೀಚಿದ್ದಾರೆ. ಸಾಲಿಗೂ ಗೀರಿಗೂ ಸಂಬಂಧಾನೇ ಇಲ್ಲ. ಪುಸ್ತಕ ಅಂದ್ರೇನು ಅಂತ ಗೊತ್ತಿಲ್ಲದವರ ಕೆಲಸ. ಇಂಥವರ ತಲೆಗೆ ಏನೂ ಹೋಗಿರಲ್ಲ, ಬಿಡಿ."

"ಏನೂ ಹೋಗಿರಲ್ಲ?"

"ಏನೂ ಹೋಗಿರಲ್ಲ."

ಅಧಿಕಾರಿ ಪುಸ್ತಕ ಮುಚ್ಚಿ ಚೀಲದೊಳಗಿಟ್ಟರು. ಅವಸರವೇ ಇರಲಿಲ್ಲ ಅವರಿಗೆ. "ಹೋದ ತಿಂಗಳು ನೀವೇ ಹೇಳಿದ್ರಿ, ಈ ಊರಲ್ಲಿ ಸರಿಯಾಗಿ ಓದೋರು ಅಂದ್ರೆ ಇವರೊಬ್ಬರೇ ಅಂತ. ನಿಮ್ಮ ಅಭಿಪ್ರಾಯ ಬದಲಾಗಿದ್ದು ಇದೇ ಮೊದಲು ಮಾಸ್ತರೇ." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ಕಚೇರಿಗೆ ಬನ್ನಿ. ಊಟ ಮಾಡ್ಕೊಂಡೇ ಬನ್ನಿ," ಎಂದರು.

ಮರುದಿನ ಒಂಬತ್ತೂವರೆಗೆ ಮನೆ ಬಿಟ್ಟೆವು. ಕಚೇರಿಗೆ ಇಪ್ಪತ್ತು ನಿಮಿಷದ ದಾರಿ. ಮಾವ ಬೀಗ ಹಾಕಿ, ಎಳೆದು ನೋಡಿ, ಮತ್ತೆ ಎಳೆದು ನೋಡಿದ. ಅರ್ಧ ದಾರಿ ಬಂದಿದ್ದೆವು. ಕಸ ಗುಡಿಸುತ್ತಿದ್ದ ಹೆಂಗಸು ನಮ್ಮನ್ನು ಕಂಡು ಪೊರಕೆ ನಿಲ್ಲಿಸಿದಳು. ಏನಾದರೂ ಮಾತಾಡದಿದ್ದರೆ ಅಲ್ಲಿಂದಲೇ ಹಿಂದಕ್ಕೆ ಓಡುತ್ತೇನೆ ಅನ್ನಿಸಿ ಕೇಳಿದೆ.

"ಮಾವ, ಆ ಸೇತುವೆ ಕಾದಂಬರಿ ಬಗ್ಗೆ ನೀನು ಯಾವತ್ತೂ ಏನೂ ಹೇಳಿಲ್ಲವಲ್ಲ."

ಮಾವ ನಾಲ್ಕು ಹೆಜ್ಜೆ ನಡೆದ. "ಅದು ಅಂಥಾ ಒಳ್ಳೆ ಪುಸ್ತಕ ಏನಲ್ಲ ಕಣೇ."

"ಏನು?"

"ಮಧ್ಯದಲ್ಲಿ ಜೋಲು. ಕಂಬದಲ್ಲಿ ಬಿರುಕು ಬಿಟ್ಟಿದೆ ಅಂತ ಮೇಸ್ತ್ರಿಗೆ ಗೊತ್ತು, ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಸರಿ. ಅದಕ್ಕೆ ಎಂಬತ್ತು ಪುಟ ಮರಳು ಜರಡಿ ಹಿಡಿಯೋದು ಯಾಕೆ? ನಾನಾಗಿದ್ರೆ ಆ ಎಂಬತ್ತು ಪುಟ ಹೊಲಿಯದೆ ಬಿಟ್ಟುಬಿಡ್ತಿದ್ದೆ."

ಇಂಥ ಪುಸ್ತಕಕ್ಕಾಗಿ ನಾವು ಹೋಗುತ್ತಿದ್ದೇವೆ, ಇವನು ಹೀಗನ್ನುತ್ತಾನಲ್ಲ ಎಂದು ನನಗೆ ನಖಶಿಖಾಂತ ಉರಿಯಿತು. "ಆ ಮರಳು ಬೇಕು ಮಾವ! ಹೇಳಬೇಕಾದ್ದನ್ನ ಹೇಳದೆ ದಿನಾ ಕೆಲಸಕ್ಕೆ ಹೋಗೋದು ಅಂದ್ರೆ ಹಾಗೇ ಇರುತ್ತೆ. ಓದೋರಿಗೂ ಸಾಕು ಸಾಕು ಅನ್ನಿಸಬೇಕು."

"ಬೇಜಾರು ತೋರಿಸೋಕೆ ಬೇಜಾರು ಮಾಡ್ಬೇಕಾ? ಹಾಗಿದ್ರೆ ಹಸಿವು ತೋರಿಸೋಕೆ ನಮ್ಮನ್ನ ಉಪವಾಸ ಹಾಕ್ತಾನಾ? ಮತ್ತೆ ಆ ಇಂಜಿನಿಯರನ ಹೆಂಡತಿ ಯಾಕೆ ಬರ್ತಾಳೆ? ಯಾವ ಕೆಲಸಾನೂ ಇಲ್ಲ ಅವಳಿಗೆ ಅಲ್ಲಿ."

"ಗಂಡನಿಗೆ ನಿದ್ದೆ ಯಾಕೆ ಬರ್ತಿಲ್ಲ ಅಂತ ಕೇಳೋಳು ಇಡೀ ಕಾದಂಬರಿಯಲ್ಲಿ ಅವಳೊಬ್ಬಳೇ! ನೀನು ಸರಿಯಾಗಿ ಓದಿಲ್ಲ."

"ನಾನು ಓದಿಲ್ವಾ? ನಾನು?"

ನಡುಬೀದಿಯಲ್ಲಿ ನಿಂತು ಜಗಳವಾಡಿದೆವು. ಜನ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಪುಸ್ತಕದ ಹೆಸರು ಎತ್ತಿ, ಕೈ ಬೀಸಿ, ಏರುದನಿಯಲ್ಲಿ ಕೂಗಾಡಿದೆವು. ಆ ಹತ್ತು ನಿಮಿಷ ನನಗೆ ಹೆದರಿಕೆಯೇ ಇರಲಿಲ್ಲ. ಕಚೇರಿಯ ಗೇಟಿನ ಬಳಿ ಕಾವಲಿನವನು ಹೆಸರು ಕೇಳಿದಾಗಲೇ ಎಲ್ಲಿದ್ದೇವೆಂದು ಗೊತ್ತಾದದ್ದು. ಮಾವ ಅಂಗಿಯ ಕಾಲರು ಸರಿಮಾಡಿಕೊಂಡ.

"ಆ ಹೆಂಡತಿಯ ವಿಷಯ," ಎಂದ ಮೆಲ್ಲಗೆ. "ನೀನು ಹೇಳಿದ್ದು ಸರಿ ಇರಬಹುದು."

ಒಳಗೆ ನಮ್ಮನ್ನು ಬೇರೆ ಬೇರೆ ಕೋಣೆಗೆ ಕರೆದೊಯ್ದರು. ನನ್ನ ಕೋಣೆಯಲ್ಲಿ ಒಂದು ಬೆಂಚು, ನೀರಿನ ಹೂಜಿ, ಬಣ್ಣ ಬಳಿದು ಮುಚ್ಚಿದ ಕಿಟಕಿ ಗಾಜು. ಆರು ಗಂಟೆ ಹೊತ್ತು ಯಾರೂ ಬರಲಿಲ್ಲ. ಪಕ್ಕದ ಕೋಣೆಯ ಬಾಗಿಲು ನಾಲ್ಕು ಸಲ ತೆಗೆದು ಹಾಕಿದ ಸದ್ದು ಕೇಳಿಸಿತು. ಸಂಜೆ ನಾಲ್ಕಕ್ಕೆ ಅಧಿಕಾರಿ ಬಂದು ನಿಂತರು.

"ಗೀರುಗಳೆಲ್ಲ ತಮ್ಮವೇ ಅಂತ ನಿಮ್ಮ ಮಾವ ಬರೆದುಕೊಟ್ಟಿದ್ದಾರೆ. ನಿಮ್ಮದೇನಾದ್ರೂ ಹೇಳೋದಿದೆಯಾ?"

ನನ್ನ ಮುಷ್ಟಿಯೊಳಗೆ ಹೆಬ್ಬೆರಳಿತ್ತು. ಅವರು ನನ್ನ ಮುಷ್ಟಿಯನ್ನೇ ನೋಡುತ್ತಿದ್ದರು. ಅವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿದೆ ಎಂದು ನನಗೂ ಗೊತ್ತಿತ್ತು.

"ಇಲ್ಲ," ಎಂದೆ.

"ಹಾಗಿದ್ರೆ ನೀವು ಹೊರಡಬಹುದು."

ನಾನು ಹೊರಟು ಬಂದುಬಿಟ್ಟೆ. ಇದಕ್ಕೆ ಏನು ಸಬೂಬು ಹೇಳಲಿ? ನಾನು ಒಳಗಾದರೆ ಅವನಿಗೆ ಯಾರಿದ್ದಾರೆ ಎಂದು ಯೋಚಿಸಿದೆ ಅನ್ನಬಹುದು. ಸುಳ್ಳು. ಏನೂ ಯೋಚಿಸಲಿಲ್ಲ. ಹೆದರಿದ್ದೆ, ಬಾಗಿಲು ತೆರೆದಿತ್ತು, ನಡೆದುಬಿಟ್ಟೆ. ಅಷ್ಟೆಲ್ಲ ಓದಿ ಏನು ಬಂತು ನನಗೆ?

ಹನ್ನೊಂದನೇ ದಿನ ಮಾವ ಬಂದ. ತಾನೇ ನಡೆದುಕೊಂಡು, ಹೋದಾಗಿನ ಅಂಗಿಯಲ್ಲೇ. ಮೈ ಮೇಲೆ ಗಾಯವಿಲ್ಲ, ಗೀರಿಲ್ಲ. ನಾನು ಕಾಲು ಹಿಡಿದು ಅತ್ತೆ. ತಲೆ ಸವರಿದ. ಊಟ ಬಡಿಸಿದೆ. ಗಾಬರಿಯಲ್ಲಿ ಉಪ್ಪು ಎರಡು ಸಲ ಹಾಕಿದ್ದೆ; ತುತ್ತು ಬಾಯಿಗಿಟ್ಟ ನನಗೇ ಉಗಿಯುವಂತಾಯಿತು. "ಥೂ, ಹೇಗೆ ತಿಂತಿದ್ದೀಯ ಮಾವ," ಎಂದೆ.

"ಚೆನ್ನಾಗಿದೆ," ಎಂದ.

ಅಂದಿನಿಂದ ಎಲ್ಲ ಚೆನ್ನಾಗಿದೆ. ಹವೆ ಚೆನ್ನಾಗಿದೆ, ಸೋರುವ ನಲ್ಲಿ ಚೆನ್ನಾಗಿದೆ. ಗ್ರಂಥಾಲಯದ ಕೆಲಸಕ್ಕೆ ವಾಪಸ್ಸು ಸೇರಿಸಿಕೊಂಡಿದ್ದಾರೆ. ಹರಿದ ಪುಸ್ತಕ ಬಂದರೆ ಬಿಡಿಸಿ, ಹಾಳೆಯ ಬೆನ್ನು ಮಾತ್ರ ನೋಡಿ, ನಾಲ್ಕು ಹೊಲಿಗೆ ಹಾಕುತ್ತಾನೆ. ಎಲ್ಲಕ್ಕೂ ನಾಲ್ಕೇ. ಓದುವುದಿಲ್ಲ. ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತಾನೆ.

ನಾನೊಂದು ಉಪಾಯ ಮಾಡಿದ್ದೇನೆ. ದಿನಾ ಮಧ್ಯಾಹ್ನ ಅವನ ಕೋಣೆಗೆ ಹೋಗಿ, ಯಾವುದಾದರೂ ಪುಸ್ತಕದ ಬಗ್ಗೆ ಬೇಕಂತಲೇ ಮೂರ್ಖ ಅಭಿಪ್ರಾಯ ಹೇಳುತ್ತೇನೆ. ಪುಟಕ್ಕೊಂದು ಸಲ ಎಲ್ಲರೂ ಮೂರ್ಛೆ ಹೋಗುವ ನಾಟಕವನ್ನು ಎಷ್ಟು ಸಹಜ ಎಂದು ಹೊಗಳಿದೆ. ಸಂತೆಗೆ ಹೋಗಿ ಬಂದದ್ದಕ್ಕೆ ಮೂರು ಸಂಪುಟ ಬರೆದವರ ಪ್ರವಾಸಕಥನ ಇನ್ನೂ ಒಂದು ಸಂಪುಟ ಇರಬೇಕಿತ್ತು ಎಂದೆ. ಬೈಯಲಿ, ಒಂದೇ ಒಂದು ಸಲ ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಲಿ ಎಂದು ಕಾಯುತ್ತೇನೆ.

ಇವತ್ತು ಹೇಳಿದ್ದು ಒಂದು ಹೊಸ ಕಾದಂಬರಿಯ ಬಗ್ಗೆ. ಅದರಲ್ಲಿ ಒಂದು ಕುದುರೆ ಮನುಷ್ಯರಿಗೆ ನೀತಿ ಬೋಧಿಸುತ್ತದೆ, ಮುನ್ನೂರು ಪುಟ. "ಕುದುರೆ ಪಾತ್ರ ತುಂಬ ನೈಜವಾಗಿ ಬಂದಿದೆ ಮಾವ. ನಿಜವಾದ ಕುದುರೆಗಳೂ ಹೀಗೇ 'ಆದರೂ ಸಹ' ಅಂತ ಮಾತಾಡ್ತಿರಬಹುದು, ಅಲ್ವಾ?" ಎಂದೆ.

ಮಾವನ ಸೂಜಿ ನಿಂತಿತು. ಗದ್ದ ಒಂದಿಷ್ಟು ಮೇಲೇರಿತು. ತಲೆಯೆತ್ತಿ ಬಾಗಿಲ ಕಡೆ ನೋಡಿದ, ಕಿಟಕಿಯ ಕಡೆ ನೋಡಿದ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡ. ಬಾಯಿ ತೆರೆದ. ಆಗ ಅವನ ಕಣ್ಣು ನನ್ನ ಮೇಲೆ ಬಿತ್ತು, ಅಲ್ಲೇ ನಿಂತಿತು. ಟೀಚರಮ್ಮನ ಪಕ್ಕದ ಮನೆಯಾಕೆ ಕಿಟಕಿ ಹಾಕಿಕೊಳ್ಳುವ ಮೊದಲು ನನ್ನನ್ನು ನೋಡಿದ್ದಳಲ್ಲ, ಅದೇ ಅನುಮಾನದಿಂದ ನೋಡಿದ.

"ಚೆನ್ನಾಗಿದೆ," ಎಂದ.

ಕಚೇರಿಯಲ್ಲಿ ಆ ಹನ್ನೊಂದು ದಿನ ನನ್ನ ಬಗ್ಗೆ ಅವನಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ. ನನ್ನನ್ನು ಮೊದಲ ದಿನವೇ, ಸಂಜೆ ನಾಲ್ಕಕ್ಕೇ ಬಿಟ್ಟರು ಎಂಬುದು ಅವನಿಗೆ ಗೊತ್ತು.